ತೊಳೆಯದೇ ತೊಳೆದೆನೆಂದ ಬಾಟಲಿ

ಮಾನ್ಯ ಕುಡಿಯುವ ನೀರಿನ ಅಧಿಕಾರಿಗಳೇ,

ನಮ್ಮ ಓಣಿಯ ಬಾವಿಯ ನೀರು ಕೆಟ್ಟಿದೆ. ಹಾಗೆಂದು ನನ್ನ ಅಕ್ಕನ ಮಗಳು ಕಳೆದ ಅಕ್ಟೋಬರಿನಲ್ಲಿ ತಮ್ಮ ಕಚೇರಿಗೆ ಅರ್ಜಿ ಕೊಟ್ಟಳು. ಕೆಟ್ಟಿಲ್ಲ ಎಂದು ನಾನು ತಮ್ಮ ಮುಂದೆ ನಿಂತು ಸುಳ್ಳು ಹೇಳಿದೆ. ತಾವು ಆ ಸುಳ್ಳನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದಿರಿ. ನನ್ನ ತಪ್ಪು ದೊಡ್ಡದೋ ತಮ್ಮದು ದೊಡ್ಡದೋ ಎಂಬುದನ್ನು ಆಮೇಲೆ ಅಳೆಯೋಣ. ಸದ್ಯಕ್ಕೆ ನಲವತ್ತು ಮನೆಯವರು ಆ ನೀರು ಕುಡಿಯುತ್ತಿದ್ದಾರೆ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಗಜೇಂದ್ರಗಡದ ಯಾವ ನೇಕಾರನನ್ನು ಕೇಳಿದರೂ ಹೇಳುತ್ತಾನೆ. ನೂಲಿಗೆ ಬಣ್ಣ ಹಾಕುವ ಮೋದಿನಸಾಬ ನಾನೇ. ನಾನು ಹಾಕಿದ ಕೆಂಪು, ಸೀರೆ ಹರಿದರೂ ಬಿಡುವುದಿಲ್ಲ. ಹಳೆಯ ಸೀರೆಗಳ ಕೌದಿ ಹೊಲಿದರೆ ಉಳಿದ ತುಂಡುಗಳೆಲ್ಲ ಮಾಸಿರುತ್ತವೆ, ನನ್ನ ತುಂಡೊಂದು ಮದುವಣಗಿತ್ತಿಯ ಹಾಗೆ ಕೂತಿರುತ್ತದೆ. ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಆರನೆಯದನ್ನು ಎರಡು ಸಲ ಓದಿದ್ದರಿಂದ ಒಟ್ಟು ಎಂಟು ವರ್ಷದ ವಿದ್ಯೆ ಎಂದು ತಿಳಿಯಬೇಕು.

ರಾಜೂರಿಗೆ ಕೊಟ್ಟ ನನ್ನ ಅಕ್ಕ ಹಸೀನಾಳ ಮಗಳು ಮೆಹನಾಜ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ರಮಜಾನ್ ಹಬ್ಬದ ರಜೆಗೆ ಬಂದಾಗ ಒಂದು ಸಣ್ಣ ಪೆಟ್ಟಿಗೆ ತಂದಿದ್ದಳು. ಅದರಲ್ಲಿ ಕೆಲವು ಗಾಜಿನ ಚೂರು, ತಂಪು ಕನ್ನಡಕದಂತೆ ಬೆಳಕು ಹಾಯುವ ಎರಡು ಕಪ್ಪು ಹಾಳೆ. ಗಾಜಿನ ಮೇಲೆ ಲಿಕ್ವಿಡ್ ಕ್ರಿಸ್ಟಲ್ ಎಂಬ ವಸ್ತುವಿನ ತೆಳು ಪೊರೆ. ಕೈಗಡಿಯಾರದಲ್ಲಿ, ಕ್ಯಾಲ್ಕ್ಯುಲೇಟರಿನಲ್ಲಿ ಅಂಕಿ ಮೂಡಿಸುವುದೂ ಆ ಜಾತಿಯದೇ ಅಂತೆ. ನೀರಿನಂತೆ ಹರಿಯುತ್ತದೆ, ಆದರೆ ಅದರ ಕಣಗಳು ಹರಳಿನ ಕಣಗಳಂತೆ ಶಿಸ್ತಿನಿಂದ ಸಾಲು ಹಿಡಿಯುತ್ತವೆ. ನನಗೆ ಕೂಡಲೇ ತಿಳಿಯಿತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಇರುವುದೂ ಹಾಗೆಯೇ ಅಲ್ಲವೇ? ಶುದ್ಧ ನೀರು ಮುಟ್ಟಿದರೆ ಪೊರೆಯ ಆ ಎಳೆಗಳು ಅಡ್ಡ ಮಲಗುತ್ತವೆ. ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ಬೆಳಕಿಗೆ ನೋಡಿದರೆ ಗಾಜು ಹೊಳೆಯುತ್ತದೆ. ನೀರಿನಲ್ಲಿ ಸೋಪಿನಂಥದು ಕಣ್ಣಿಗೆ ಕಾಣದಷ್ಟು ಬೆರೆತಿದ್ದರೂ ಸಾಕು, ಎಳೆಗಳು ಎದ್ದು ನಿಲ್ಲುತ್ತವೆ, ಗಾಜು ಕಪ್ಪಾಗುತ್ತದೆ. ರೋಗದ ಕ್ರಿಮಿಗಳನ್ನೂ ಹೀಗೆ ಹಿಡಿಯಬಹುದೇ ಎಂದು ದೊಡ್ಡ ದೊಡ್ಡವರು ಬೇರೆ ದೇಶಗಳಲ್ಲಿ ನೋಡುತ್ತಿದ್ದಾರಂತೆ.

ಅಂದು ನನ್ನ ಅಂಗಳದಲ್ಲಿ ಅರ್ಧ ಓಣಿ ಕೂಡಿತ್ತು. ಹುಡುಗಿ ನಾಲ್ಕು ಬಾಟಲಿಗಳಲ್ಲಿ ನೀರು ತುಂಬಿಟ್ಟಿದ್ದಳು: ರಾಜೂರಿನದು, ಇಟಗಿಯದು, ಡಾಂಬರು ರಸ್ತೆಯ ಕೈಪಂಪಿನದು, ನಮ್ಮ ಬಾವಿಯದು. ನಾನು ಸುಮ್ಮನೆ ಇರಬೇಕಾಗಿತ್ತು. ಇರಲಿಲ್ಲ. ಈ ಬಾವಿಯ ನೀರಿನ ಗುಣದಿಂದಲೇ ನನ್ನ ಕೆಂಪು ನಿಲ್ಲುತ್ತದೆ, ಇದು ಹೊಳೆಯದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಸಾರಿದೆ. ಮೂರು ಗಾಜು ನವಿಲುಗರಿಯಂತೆ ಹೊಳೆದವು. ನಾಲ್ಕನೆಯದು ನೋಡನೋಡುತ್ತಿದ್ದಂತೆ ಕಪ್ಪಾಯಿತು.

ಯಾಕೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಣ್ಣ ಹಾಕಿದ ನೂಲನ್ನು ಸೋಪಿನ ಪುಡಿಯಲ್ಲಿ ಜಾಲಿಸಿದ ನೀರು ಹೋಗುವ ಇಂಗುಗುಂಡಿ ನಮ್ಮಲ್ಲಿದೆ. ನಮ್ಮ ಅಪ್ಪ ಅದನ್ನು ಹಿತ್ತಲಿನ ಆ ತುದಿಗೆ ತೋಡಿಸಿದ್ದರು. ಅಷ್ಟು ದೂರ ಕೊಡ ಹೊರುವುದು ಬೇಸರವೆಂದು ಆರು ವರ್ಷದ ಹಿಂದೆ ನಾನೇ ಹೊಸದನ್ನು ಈಚೆಗೆ ತೋಡಿದೆ. ಈಚೆಗೆ ಎಂದರೆ ಬಾವಿಯ ಕಡೆಗೆ. ಸೋಪು ಅಲ್ಲಿಗೆ ತಲುಪಿದೆ ಎಂದರೆ ಅದರ ಜೊತೆಗೆ ಬಣ್ಣದ ಔಷಧಿಗಳೂ ದಾರಿ ಕಂಡುಕೊಂಡಿರಬೇಕಲ್ಲವೇ?

ಬಣ್ಣಗಾರರ ಮನೆಯಲ್ಲಿ ಒಂದು ರೂಢಿ ಇದೆ. ಬೇರೆಯವರ ಪಾತ್ರೆ ಮುಟ್ಟಿದರೆ ಸೋಪು ಹಚ್ಚಿ ತೊಳೆಯದೆ ತಿರುಗಿ ಕೊಡುವುದಿಲ್ಲ. ನಮ್ಮ ಬೆರಳಿನ ಕೆಂಪು ಅವರ ಪಾತ್ರೆಯ ಮೇಲೆ ಉಳಿದರೆ ಅದು ನಮಗೆ ಅವಮಾನ. ನಾನು ಈ ರೂಢಿ ತಪ್ಪಿದವನಲ್ಲ. ಅಂದು ಈ ಒಳ್ಳೆಯ ರೂಢಿಯನ್ನೇ ಎಳೆದು ತಂದು ಸುಳ್ಳಿಗೆ ಸಾಕ್ಷಿ ನಿಲ್ಲಿಸಿದೆ. ಆ ಬಾಟಲಿಗೆ ನನ್ನ ಬಣ್ಣದ ಕೈ ಹತ್ತಿತ್ತು, ಅದಕ್ಕೆ ಸೋಪು ಹಾಕಿ ತೊಳೆದೆ, ಅದೇ ಸೋಪು ನಿನ್ನ ಗಾಜಿಗೆ ಕಂಡಿದೆ ಎಂದೆ. ಬಾಟಲಿಯನ್ನು ನಾನು ಮುಟ್ಟಿರಲೇ ಇಲ್ಲ.

"ನಾಕೂ ಬಾಟ್ಲಿ ನಾನಽ ತೊಳದಿಟ್ಟಿದ್ದೆ, ಮಾಮು," ಎಂದಳು ಮೆಹನಾಜ.

"ನಿನಗ ನಮ್ಮನಿ ಪದ್ಧತಿ ಗೊತ್ತಿಲ್ಲೇನ?" ಎಂದೆ ನಾನು.

ಗೊತ್ತಿತ್ತು. ಸಣ್ಣವಳಿದ್ದಾಗಿನಿಂದ ನೋಡಿದ್ದಳು. ಅದಕ್ಕೇ ನಂಬಿದಳು. ಎಲ್ಲರೂ ನಕ್ಕರು, ನನ್ನ ಮೀಸೆ ಉಳಿಯಿತು.

ಆದರೂ ಆ ಹುಡುಗಿ ತಮಗೆ ಅರ್ಜಿ ಕೊಟ್ಟಳು. ಅರ್ಜಿಯಲ್ಲಿ ಏನಿತ್ತೆಂದು ಈಗಲಾದರೂ ಓದಿರಿ. ತನ್ನ ಗಾಜು ಇನ್ನೂ ಕಲಿಕೆಯ ಹಂತದ್ದು, ನೀರಿನಲ್ಲಿ ಏನೋ ಇದೆ ಎನ್ನುತ್ತದೆಯೇ ಹೊರತು ಯಾವುದು, ಎಷ್ಟು ಎನ್ನುವುದಿಲ್ಲ, ಬಾಟಲಿಯ ಬಗ್ಗೆಯೂ ಸಂಶಯವಿದೆ, ಆದ್ದರಿಂದ ದಯವಿಟ್ಟು ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿರಿ. ಇಷ್ಟೇ. ಇಷ್ಟು ಸಭ್ಯವಾದ ಅರ್ಜಿ ತಮ್ಮ ಮೇಜಿಗೆ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ?

ತಾವು ನಮ್ಮಿಬ್ಬರನ್ನೂ ಕರೆಸಿದಿರಿ. ಮುಚ್ಚಳ ಬಿಗಿದ ಅಂಗಡಿಯ ನೀರಿನ ಬಾಟಲಿ ತಮ್ಮ ಮೇಜಿನ ಮೇಲಿತ್ತು. ಇದೇನು ಆಟದ ಸಾಮಾನೇ ಎಂದು ಗಾಜನ್ನು ತಿರುಗಿಸಿ ನೋಡಿದಿರಿ. ನಾನು ಮುಂದೆ ಬಂದು ಸೋಪಿನ ಕಥೆ ಹೇಳಿದೆ. ಮೊದಲ ಸಲಕ್ಕಿಂತ ಚಲೋ ಹೇಳಿದೆ, ಗುಮಾಸ್ತರೂ ನಕ್ಕರು. ತಾವು ಅಲ್ಲಿಯೇ "ದೂರಿನಲ್ಲಿ ಹುರುಳಿಲ್ಲ" ಎಂದು ಬರೆದು ಸಹಿ ಹಾಕಿದಿರಿ.

ಸಾಹೇಬರೇ, ಒಂದು ಕೈಪಂಪಿನ ದುರಸ್ತಿ ಬೇಡಿ ನಾನು ಬಂದಾಗ ತಾವು ಎರಡು ಗುರುತಿನ ಪತ್ರ, ಮೂರು ಝೆರಾಕ್ಸ್, ಪಂಚರ ಸಹಿ ಕೇಳಿದ್ದಿರಿ. ನಿಜಕ್ಕೆ ಇಷ್ಟೆಲ್ಲ ದಾಖಲೆ ಬೇಕಾದ ಕಚೇರಿಯಲ್ಲಿ ಸುಳ್ಳಿಗೆ ಒಂದು ಝೆರಾಕ್ಸೂ ಬೇಡವಾಯಿತೇ? ಎಂ.ಎಸ್ಸಿ. ಓದುವ ಹುಡುಗಿಯ ಮಾತಿಗಿಂತ ಆರನೆಯದನ್ನು ಎರಡು ಸಲ ಓದಿದವನ ಮಾತು ತಮಗೆ ರುಚಿಸಿದ್ದು ಹೇಗೆ? ನಾನೇ ಹೇಳುತ್ತೇನೆ. ನನ್ನ ಮಾತನ್ನು ನಂಬಿದರೆ ತಾವು ಕುರ್ಚಿಯಿಂದ ಏಳಬೇಕಾಗಿರಲಿಲ್ಲ. ಗುಂಡಿ ಮುಚ್ಚುವ ಕೆಲಸ ನನಗೂ ತಪ್ಪಿತು. ಆ ಮಟ್ಟಿಗೆ ನಾವಿಬ್ಬರೂ ಒಂದೇ ಬಣ್ಣದ ನೂಲು.

ತಿರುಗಿ ಬಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹುಡುಗಿಗೆ ಮಿರ್ಚಿ ಭಜಿ ಕೊಡಿಸಿದೆ. ಆಕೆ ತಿನ್ನಲಿಲ್ಲ. "ನನ್ನ ಸಲುವಾಗಿ ನೀವು ಕಚೇರಿ ಮೆಟ್ಲ ಹತ್ತೂ ಹಂಗಾತು, ಮಾಮು. ಮಾಫ್ ಮಾಡ್ರಿ," ಎಂದಳು. ನಾನು ಮಾಫ್ ಮಾಡಿದೆ. ಹೌದು, ನಾನು ಆಕೆಯನ್ನು ಮಾಫ್ ಮಾಡಿದೆ! ರಾಜೂರಿನ ಬಸ್ಸು ಹತ್ತಿಸಿ, ಆ ಮಿರ್ಚಿಯನ್ನೂ ನಾನೇ ತಿಂದು ಮನೆಗೆ ಬಂದೆ. ಧಾರವಾಡದಲ್ಲಿ ಆಕೆ ತನ್ನ ನೋಟುಬುಕ್ಕಿನಲ್ಲಿ ಆ ನೀರಿನ ಮುಂದೆ "ನನ್ನ ಅಜಾಗರೂಕತೆಯಿಂದ ಕೆಟ್ಟ ಪರೀಕ್ಷೆ" ಎಂದು ಬರೆದು ಗುರುಗಳಿಂದ ಬೈಸಿಕೊಂಡಳೆಂದು ಅಕ್ಕ ಆಮೇಲೆ ಹೇಳಿದಳು.

ಇನ್ನೊಂದು ನಾಚಿಕೆಯ ಸಂಗತಿ. ಗಾಜು ಕಪ್ಪಾದ ಮರುದಿನದಿಂದ ನಾನು ಆ ಬಾವಿಯ ನೀರು ಕುಡಿದಿಲ್ಲ. ನೂಲು ತರುವ ನೆಪದಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿ ರಸ್ತೆಯ ಕೈಪಂಪಿನಿಂದ ತರುತ್ತೇನೆ.

ಡಿಸೆಂಬರಿನಲ್ಲಿ ನೂಲು ಕೊಡಲು ಅಡಿವೆವ್ವನ ಮನೆಗೆ ಹೋಗಿದ್ದೆ. ಅಡಿವೆವ್ವ ನಮ್ಮ ಓಣಿಯ ಹಿರಿಯ ನೇಕಾರ್ತಿ. ಸೊಸೆ ಉಮಾ ಐದು ತಿಂಗಳ ಬಸುರಿ. ಮೆಹನಾಜಳ ಗಾಜು ನೋಡಿದಂದಿನಿಂದ ಸೊಸೆಗಾಗಿ ಈ ಮುದುಕಿಯೂ ಕೈಪಂಪಿನಿಂದ ಕೊಡ ಹೊರುತ್ತಿದ್ದಳಂತೆ. ಕಚೇರಿಯಲ್ಲಿ ನಾನು ಗೆದ್ದು ಬಂದ ಸುದ್ದಿ ಕೇಳಿ ಅದನ್ನು ನಿಲ್ಲಿಸಿ ಮತ್ತೆ ಬಾವಿಯ ನೀರನ್ನೇ ಸೇದತೊಡಗಿದಳಂತೆ. ಈ ಮಾತನ್ನು ಆಕೆ ನನ್ನ ಉಪಕಾರ ನೆನೆಯುವಂತೆ ಹೇಳುತ್ತ, ಎಲ್ಲರಿಗೂ ಕೊಡುವಂತೆ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

"ಬ್ಯಾಡ್ರಿ ಅಕ್ಕಾರ. ಇವತ್ತ ರೋಜಾ ಐತಿ," ಎಂದು ಉಪವಾಸದ ನೆಪ ಹೇಳಿದೆ.

"ನಿಮ್ಮ ರೋಜಾ ಮುಗದು ಎರಡ ತಿಂಗಳಾತಲ್ಲೋ."

ನಾನು ತಂಬಿಗೆಯನ್ನು ನೋಡುತ್ತ ಕೂತೆ. ಆಕೆ ನನ್ನನ್ನು ನೋಡುತ್ತ ಕೂತಳು. ಒಳಗೆ ಉಮಾ ಮಗ್ಗದ ಲಾಳಿ ಎಸೆಯುವ ಸಪ್ಪಳ ಕೇಳುತ್ತಿತ್ತು.

"ನೀ ಎಲ್ಲೀ ನೀರು ಕುಡೀತಿ, ತಮ್ಮಾ?" ಎಂದು ಕೇಳಿದಳು.

ಬಾಯಿಗೆ ಬಂದ ಸುಳ್ಳುಗಳೆಲ್ಲ ಚಲೋ ಇದ್ದವು, ಒಂದನ್ನೂ ಹೇಳಲಾಗಲಿಲ್ಲ. ಎದ್ದು ಬಂದೆ. ಅದಾಗಿ ಮೂರು ವಾರವಾಯಿತು. ಆ ಮೂರು ವಾರವೂ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಆದ್ದರಿಂದ ನನ್ನ ಬೇಡಿಕೆ ಕೇಳಿರಿ. ಈ ವಾರವೇ ತಾವು ಖುದ್ದು ಬರಬೇಕು. ಓಣಿಯವರ ಎದುರಿಗೆ ನೀರು ತುಂಬಿ, ಮೊಹರು ಹಾಕಿ, ದೊಡ್ಡ ಪ್ರಯೋಗಾಲಯಕ್ಕೆ ಕಳಿಸಬೇಕು. ಮೆಹನಾಜಳನ್ನೂ ಗೌರವದಿಂದ ಕರೆಸಿ ಆಕೆಯ ಗಾಜನ್ನು ಪಕ್ಕದಲ್ಲಿಟ್ಟು ನೋಡಬೇಕು. ವರದಿ ಬರುವವರೆಗೆ ಓಣಿಗೆ ಟ್ಯಾಂಕರ್ ನೀರು ಕೊಡಬೇಕು. ಆ ಕಡತದ ದಾರ ಬಿಚ್ಚಿ, ಹುಡುಗಿಯ ಕೈ ತಪ್ಪಿರಲಿಲ್ಲ, ಮಾವನ ನಾಲಿಗೆ ತಪ್ಪಿತ್ತು ಎಂದು ತಮ್ಮ ಸಹಿಯಲ್ಲಿ ಬರೆದು ಆಕೆಯ ಗುರುಗಳಿಗೆ ಕಳಿಸಬೇಕು. ನೂಲು ಜಾಲಿಸುವುದನ್ನು ನಿಲ್ಲಿಸಿದ್ದೇನೆ. ಗುಂಡಿಯನ್ನು ಮಾತ್ರ ಮುಚ್ಚಿಲ್ಲ, ತಾವು ನೋಡಬೇಕು. ಆಮೇಲೆ ನನಗೆ ಯಾವ ಶಿಕ್ಷೆ ಇದೆಯೋ ವಿಧಿಸಿರಿ.

ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ಒಂದು ಪ್ರತಿಯನ್ನು ಈಗಲೇ ಬಾವಿಕಟ್ಟೆಗೆ ಅಂಟಿಸಿ ಬಂದೆ. ಓದು ಬಲ್ಲವರು ಕೊಡ ಹಿಡಿದು ಅಲ್ಲಿಯೇ ನಿಂತಿದ್ದಾರೆ. ಅಡಿವೆವ್ವನಿಗೆ ಓದು ಬಾರದು. ಆಕೆಗೆ ನಾನೇ ಓದಿ ಹೇಳಬೇಕು, ಅಂಚೆಗೆ ಹಾಕುವ ಮೊದಲೇ. ಆಕೆ ಏನು ಅನ್ನುತ್ತಾಳೋ ಅದು ಈ ಪತ್ರದಲ್ಲಿ ಇರುವುದಿಲ್ಲ. ಅದು ನನಗೆ ಸೇರಿದ್ದು.

ಇಂತಿ,
ಸದ್ಯಕ್ಕೆ ಮಾಮು ಎನ್ನಿಸಿಕೊಳ್ಳುವ ಯೋಗ್ಯತೆ ಇಲ್ಲದ
ಬಣ್ಣದ ಮೋದಿನಸಾಬ
ಗಜೇಂದ್ರಗಡ, ಜನವರಿ 2008