ಮಾವನವರು ಚಪ್ಪಾಳೆ ತಟ್ಟಿದ ಸಿನಿಮಾ

ಮಾಳಮಡ್ಡಿ, ಧಾರವಾಡ
೧೧ ಜೂನ್ ೨೦೨೫, ಬುಧವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೋ, ಇಲ್ಲಾ ಡಾಕ್ಟರ ಮಾತು ಗಾಳಿಗೆ ತೂರಿ ಇನ್ನೂ ಸ್ಕೂಟರ್ ಮೇಲೆ ಹುಬ್ಬಳ್ಳಿ ಸುತ್ತುತ್ತಿದ್ದೀಯೋ? ಭಾವನವರ ಸಕ್ಕರೆ ಹತೋಟಿಯಲ್ಲಿದೆಯಾ? ನೀಲಾ ಶಾಲೆಗೆ ಹೋಗುವಾಗ ಇನ್ನೂ ಬಾಗಿಲ ಚಿಲಕ ಹಿಡಿದು ಅಳುತ್ತಾಳಾ? ಇಲ್ಲಿ ಎಲ್ಲರೂ ಕ್ಷೇಮ. ನಮ್ಮವರ ಸುರಂಗದ ಕೆಲಸ ಹಿಮಾಚಲದಲ್ಲಿ ಇನ್ನೂ ಮುಗಿದಿಲ್ಲ, ದೀಪಾವಳಿಗೆ ಬರುತ್ತಾರಂತೆ. ಫೋನ್ ಇದ್ದೂ ಇವಳೇಕೆ ಕಾಗದ ಬರೆದಳು ಎಂದು ಹುಬ್ಬೇರಿಸಬೇಡ. ನನ್ನ ಫೋನಿನ ಮಾತೆಲ್ಲ ಮಾವನವರ ಎದುರಿಗೆ, ಸ್ಪೀಕರ್ ಹಾಕಿಕೊಂಡು ಎಂಬುದು ನಿನಗೆ ಗೊತ್ತು. ನೀನು ಕೇಳಿದಾಗ ನಾನು "ಆರಾಮ ಅದೀನಿ" ಅನ್ನುತ್ತೇನೆ, ಅವರು ಪಕ್ಕದಿಂದ "ಆರಾಮ ಅದಾಳ್ರಿ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಮೊದಲು ಸಿನಿಮಾ ಸುದ್ದಿ ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಒಂದು ಗೂಢಚಾರನ ಸಿನಿಮಾ ನೋಡಿದ್ದೆವಲ್ಲ, ನಾಯಕ ಕಪ್ಪು ಕನ್ನಡಕ ಹಾಕಿಕೊಂಡೇ ಸ್ನಾನ ಮಾಡುತ್ತಿದ್ದ ಸಿನಿಮಾ? ನೀನು ಅರ್ಧಕ್ಕೇ ಗೊರಕೆ ಹೊಡೆದು, "ಇದರ ಎರಡನೇ ಭಾಗ ಬಂದ್ರ ನಾ ಹೆಸರ ಬದಲು ಮಾಡ್ಕೋತೇನಿ" ಅಂದಿದ್ದೆ. ಎರಡನೇ ಭಾಗ ಬಂದಿದೆ, ನಿರುಪಮಾಬಾಯಿ, ಹೊಸ ಹೆಸರು ಹುಡುಕಿಕೋ. ದೇಶಭಕ್ತಿಯ ಸಿನಿಮಾ ಎಂದು ಯಾರೋ ಹೇಳಿದ್ದಕ್ಕೆ ಕಳೆದ ಭಾನುವಾರ ಮಾವನವರೇ ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ದಾರಿಯ ಕಡೆಯ ಕುರ್ಚಿಯಲ್ಲಿ ತಾವು, ಒಳಗಡೆ ನಾವು. ಮಧ್ಯಂತರದಲ್ಲಿ ಚಹಾ ಸಹ ಅವರೇ ತಂದುಕೊಟ್ಟರು, ನಾವು ಏಳುವ ಕಾರಣ ಇರಲಿಲ್ಲ. ನಾನು ಹಾಳು ಸಿನಿಮಾ ಎಂದುಕೊಂಡೇ ಕೂತಿದ್ದೆ.

ಅಕ್ಕಾ, ಖರೆ ಹೇಳುತ್ತೇನೆ, ಅಷ್ಟು ಒಳ್ಳೆಯ ಸಿನಿಮಾ ನಾನು ಈಚೆಗೆ ನೋಡಿಲ್ಲ. ಮೊದಲ ಭಾಗದಲ್ಲಿ ಶತ್ರುವಿನ ಬಂಗಲೆಯ ಮೂಲೆಯಲ್ಲಿ ಚಹಾ ಸೋಸುತ್ತಿದ್ದ ಒಬ್ಬ ಅಡುಗೆಯ ಹೆಂಗಸು ನೆನಪಿದ್ದಾಳಾ? ಇರಲಿಕ್ಕಿಲ್ಲ, ಅವಳಿಗೆ ಹೆಸರೂ ಇರಲಿಲ್ಲ. ಈ ಭಾಗ ಪೂರ್ತಿ ಅವಳದೇ. ನಾಯಕ ತನ್ನ ಸಂಗಡಿಗರ ಜೊತೆ ಅದೇ ಬಂಗಲೆಯಲ್ಲಿ ಸಿಕ್ಕಿಬಿದ್ದಿದ್ದಾನೆ, ಹೊಡೆದಾಟವೆಲ್ಲ ಗೋಡೆಗೆ ತಲೆ ಚಚ್ಚಿಕೊಂಡಂತೆ. ಕೊನೆಗೆ ದಾರಿ ತೋರಿಸುವವಳು ಅವಳು. ಎಲ್ಲರನ್ನೂ ಕಳಿಸಿ ತಾನು ಮಾತ್ರ ಒಳಗೆ ಉಳಿಯುತ್ತಾಳೆ. ಚಿಮಣಿಯಿಂದ ಹೊಗೆ ಬರುವವರೆಗೆ ಎಲ್ಲರೂ ಒಳಗೇ ಇದ್ದಾರೆಂದು ಕಾವಲುಗಾರ ನಂಬುತ್ತಾನೆ, ಅದಕ್ಕೇ ಅವಳು ಒಲೆ ಊದುತ್ತ ಕೂರುತ್ತಾಳೆ. ಅವರೆಲ್ಲ ಗೇಟು ತೆರೆದು ಹೊರಬಿದ್ದಾಗ ಮಾವನವರು "ಭಲೇ ನನ್ನವ್ವಾ" ಎಂದು ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಂಡರು ಕೂಡ. ಮನೆಗೆ ಬಂದು, ಗೇಟಿಗೆ ಬೀಗ ಹಾಕಿ ಎಂದಿನಂತೆ ಅದನ್ನು ಜಗ್ಗಿ ನೋಡುತ್ತ, "ಎಂಥಾ ಹೆಣ್ಮಗಳು ನೋಡವಾ ಸೌಮ್ಯಾ" ಅಂದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಅವರನ್ನು ಬೈಯಲಿಕ್ಕೂ ನನಗೆ ಬಾಯಿಲ್ಲ. ಓಣಿಯಲ್ಲಿ ಒಬ್ಬರ ಕೊರಳ ಸರ ಹರಿದುಕೊಂಡು ಹೋದ ಮೇಲೆ ಬಂದ ಬೀಗ ಇದು, ಆಮೇಲೆ ಕ್ಯಾಮೆರಾ ಬಂದವು. ಅಂಗಳಕ್ಕೆ ಕಾಲಿಟ್ಟರೆ ಅವರ ಮೊಬೈಲ್ ಟಿಣ್ ಅನ್ನುತ್ತದೆ. ಗದರುವುದಿಲ್ಲ, ಕೈ ಎತ್ತುವುದಂತೂ ದೂರ. ನನಗೆ ಬಳೆ ಬೇಕೆಂದರೆ ಬಳೆ, ಪೇಢೆ ಬೇಕೆಂದರೆ ಪೇಢೆ. "ಹೊರಗ ಏನೈತಿ ಮಗಳ, ಎಲ್ಲಾ ಮನಿಗೇ ತರತೇನಲ್ಲ" ಎನ್ನುತ್ತಾರೆ. ಸ್ಟೇಷನ್ ಇಲ್ಲೇ ಹಿಂದಿದೆ, ಹೋಗಿ ಬರುವ ಗಾಡಿಗಳ ಸದ್ದೆಲ್ಲ ನನಗೆ ಬಾಯಿಪಾಠ, ಮದುವೆಯಾದ ಮೇಲೆ ಒಂದನ್ನೂ ಹತ್ತಿಲ್ಲ. ನಮ್ಮವರಿಗೆ ಹೇಳಿದರೆ "ನಾ ಬರೋ ತನಕ ಅಪ್ಪಾ ಹೇಳಿದಂಗ ಇರು" ಅನ್ನುತ್ತಾರೆ. ಬಿ.ಎಡ್. ಮಾಡಿದವಳು ನಾನು, ದಿನವೆಲ್ಲ ಬೆಂಡೆಕಾಯಿಗೆ ಪಾಠ ಹೇಳುತ್ತಿದ್ದೇನೆ. ಉಸಿರು ಕಟ್ಟುತ್ತದೆ ಅಕ್ಕಾ. ಹೋದ ಸಲ ನೀನು ಬಂದಾಗ ಮಿಕ್ಸರ್ ಹಾಕಿ ಅದರ ಸದ್ದಿನಲ್ಲಿ ಮುಗದದ ಹೈಸ್ಕೂಲಿನ ವಿಜ್ಞಾನದ ಕೆಲಸದ ಸುದ್ದಿ ಹೇಳಿದೆಯಲ್ಲ, ಇದೇ ಹದಿನಾರರ ಸೋಮವಾರ ಖುದ್ದಾಗಿ ಬರದಿದ್ದರೆ ಬೇರೆಯವರಿಗೆ ಕೊಡುತ್ತಾರೆಂದು, ಅವತ್ತಿನಿಂದ ನನಗೆ ಊಟ ಸೇರಿಲ್ಲ. ಮಾವನವರನ್ನು ನೇರವಾಗಿಯೇ ಕೇಳಿದೆ. ತಲೆ ಸವರಿ, "ಮುಂದಿನ ವರ್ಷ ನೋಡೂಣಂತ" ಅಂದರು.

ಅತ್ತೆ ಅಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಸಿನಿಮಾ ನೋಡಿದ ಮರುದಿನ ಬೆಳಿಗ್ಗೆ, ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದರು: "ಲಿಂಗ ಕೈಯಾಗ ಇದ್ದಾಗ ನಿಮ್ಮ ಮಾವಾರು ಏಳೂದಿಲ್ಲ, ಮಾತಾಡೂದಿಲ್ಲ, ಕಣ್ಣ ಸುದ್ದಾ ಎತ್ತೂದಿಲ್ಲ. ಕೀಲಿಕೈ ಅಂಗಿ ಕಿಸೆದಾಗ, ಅಂಗಿ ಗೂಟಕ್ಕ ಇರ್ತೈತಿ. ಮುಗದಕ್ಕ ಹೋಗೋ ಗಾಡಿ ಅದ ಹೊತ್ತಿಗೆ ಐತಿ." ಇಷ್ಟು ವರ್ಷ ಈ ಮನೆಯ ಮೂಲೆಯಲ್ಲಿ ಚಹಾ ಸೋಸಿದವರು ಅವರು, ಗಾಡಿಯ ಹೊತ್ತು ಅವರಿಗೂ ಗೊತ್ತಿತ್ತು. ನೀವೂ ಬರ್ರಿ ಎಂದೆ. "ನಾ ಎಡಿ ತಂದಿಡಲಿಲ್ಲಂದ್ರ ಪೂಜಿ ನಡಬರಕ ನಿಂತು ಎದ್ದಬರ್ತಾರ. ಒಬ್ಬಾಕಿ ಒಲಿ ಮುಂದ ಇರಬೇಕಲ್ಲ" ಎಂದು ರೊಟ್ಟಿ ತಿರುವಿ ಹಾಕಿದರು. ಸೋಮವಾರ ನಾನು ಹೋಗುತ್ತೇನೆ. ಓಡಿಹೋಗುವುದಲ್ಲ, ಸಂಜೆ ಇದೇ ಮನೆಗೆ ಬಂದು, ಇದೇ ಗೇಟು ಬಡಿದು, ಕೆಲಸ ಸಿಕ್ಕಿತು ಎಂದು ಮಾವನವರ ಕಾಲಿಗೆ ಬೀಳುತ್ತೇನೆ.

ಈ ಕಾಗದವನ್ನು ಪೂಜೆಗೆ ಹೂ, ಪತ್ರೆ ತರುವ ಮೀರಾಬಿ ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಡಬ್ಬಿಗೆ ಹಾಕುತ್ತಾಳೆ. ಕ್ಯಾಮೆರಾ ಬುಟ್ಟಿಯ ತಳ ನೋಡುವುದಿಲ್ಲ. ಭಾವನವರಿಗೆ ನನ್ನ ಶರಣು, ನೀಲಾಗೆ ಕೆನ್ನೆ ಹಿಂಡಿ ಒಂದು ಮುತ್ತು, ನಿನ್ನ ಸೊಂಟಕ್ಕೆ ನನ್ನ ಕಡೆಯಿಂದ ಎಣ್ಣೆ.

ನಿನ್ನ ತಂಗಿ,
ಸೌಮ್ಯಾ

ತಾ.ಕ.: ಸ್ಟೇಷನ್ನಿಗೆ ಬರುತ್ತೇನೆ, ಮುಗದಕ್ಕೆ ಜೊತೆಗೆ ಬರುತ್ತೇನೆ ಎಂದು ಹೊರಡಬೇಡ, ಅಲ್ಲಿ ನನಗೆ ಯಾರೂ ಬೇಡ. ನೀನು ಅತ್ತೆಯ ಹತ್ತಿರ ಬಾ. ಎಂದೋ ಒಮ್ಮೆ ಅವರು ಹೇಳದೆ ತವರಿಗೆ ಹೋಗಿಬಂದಾಗ ಮಾವನವರು ಬೈಯಲಿಲ್ಲವಂತೆ, ಊಟ ಬಿಟ್ಟರಂತೆ. ಅತ್ತೆ ಕಾಲು ಹಿಡಿದು ಇನ್ನೊಮ್ಮೆ ಹೋಗುವುದಿಲ್ಲ ಎನ್ನುವವರೆಗೆ ನೀರೂ ಮುಟ್ಟಲಿಲ್ಲವಂತೆ. ಅವರು ಮತ್ತೆ ಹೋಗಲೇ ಇಲ್ಲ. ಈ ಸಲವೂ ಪೂಜೆ ಮುಗಿಸಿ ಎದ್ದ ಮಾವನವರು ಅದನ್ನೇ ಮಾಡುತ್ತಾರೆ, ಆಗ ಮನೆಯಲ್ಲಿ ಅತ್ತೆ ಒಬ್ಬರೇ. ಆದರೆ ಬೀಗರ ಮಗಳು ನೀನು ಎಲೆಯ ಮುಂದೆ ಕೂತು "ನೀವು ಕೂಡೂ ತನಕಾ ನಾ ಒಂದ ತುತ್ತೂ ಮುಟ್ಟೂದಿಲ್ರಿ" ಅಂದರೆ, ಅವರು ಕೂಡಲೇಬೇಕು. ಬಂದವರನ್ನು ಉಪವಾಸ ಕಳಿಸಿದ ಮನೆಯಲ್ಲ ಇದು. ಸೋಮವಾರ ಊಟದ ಹೊತ್ತಿಗೆ ಬಾ ಅಕ್ಕಾ, ಹಸಿದುಕೊಂಡು ಬಾ.