ಹಾರಲ್ಲ ಎಂದವಳನ್ನೇ ನೇಮಿಸಿ

ವಿಮಾನ ಕಂಪನಿಗೆ ಪೈಲಟ್‌ಗಳನ್ನು ಆರಿಸುವ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ತಿಪ್ಪಸಂದ್ರದ ಶಿವಲಕ್ಷ್ಮಿ ಎಂಬ ಹುಡುಗಿಯನ್ನು ಕಳೆದ ತಿಂಗಳು ತಾವು ಬೇಡವೆಂದಿರಿ. ಲಿಖಿತ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ ಮೂರನ್ನೂ ಅವಳು ಪಾಸು ಮಾಡಿದ್ದಳು, ಸಂದರ್ಶನವೂ ಮುಗಿದಿತ್ತು. ಉಳಿದದ್ದು ಒಂದೇ, ಅರ್ಜಿಯಲ್ಲಿ ಹೆಸರು ಕೊಟ್ಟಿದ್ದ ಪರಿಚಿತರಿಗೆ ಫೋನು ಮಾಡಿ ಅವಳ ನಡತೆ ವಿಚಾರಿಸುವುದು. ಆ ಪರಿಚಿತ ನಾನೇ. ಅವಳ ಕೆಲಸಕ್ಕೆ ಕಲ್ಲು ಹಾಕಿದ ಬಾಯಿ ನನ್ನದು. ಆ ಕಲ್ಲನ್ನು ಆಯ್ದು ಜೋಪಾನ ಮಾಡಿದ ಕಡತ ನಿಮ್ಮದು. ಒಮ್ಮೆ ಬೇಡವೆನಿಸಿಕೊಂಡವರು ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂಬುದು ನಿಮ್ಮ ನಿಯಮವಂತೆ. ಆದ್ದರಿಂದಲೇ ಗುಟ್ಟಾಗಿ ಬರೆಯದೆ ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಮಾಗಡಿಯವನು. ಸೀಟಿ ಊದುವ ಕಂಡಕ್ಟರ್ ಆಗಿ ಶುರುಮಾಡಿ ಇಂದು ನಾಲ್ಕು ಬಸ್ಸು ಓಡಿಸುತ್ತೇನೆ. ವಾರವೆಲ್ಲ ಹಾರೋಹಳ್ಳಿಯ ಕಾರ್ಖಾನೆಗಳಿಗೆ ಕೆಲಸಗಾರರು, ಲಗ್ನದ ಕಾಲದಲ್ಲಿ ದಿಬ್ಬಣ. ಓದು ಕಡಿಮೆ, ಮಾತು ಜಾಸ್ತಿ. ನಿಮ್ಮ ಕಚೇರಿಯ ಮೇಡಂ ಫೋನು ಮಾಡಿದಾಗ ಟೀ ಅಂಗಡಿಯಲ್ಲಿದ್ದೆ. ವಿಮಾನ ಕಂಪನಿಯವರು ನನ್ನನ್ನು ಹುಡುಕಿಕೊಂಡು ಫೋನು ಮಾಡಿದ್ದಾರೆಂದು ನಾಲ್ಕು ಜನಕ್ಕೆ ತಿಳಿಯಬೇಡವೇ? ಸ್ಪೀಕರ್ ಹಾಕಿದೆ.

“ಹುಡುಗಿ ಹೇಳಿದ ಮಾತು ಕೇಳ್ತಾರಾ ಸರ್?”

“ಅಯ್ಯೋ ಮೇಡಂ, ಅವ್ರಪ್ಪ ನಮ್ಮತ್ರಾನೇ ಡ್ರೈವರ್ ಆಗಿದ್ದ. ತನಗೆ ಸರಿ ಕಾಣ್ದಿದ್ರೆ ಸಾವನದುರ್ಗದ ನರಸಿಂಹಸ್ವಾಮಿನೇ ಬಂದು ಹೇಳಿದ್ರೂ ಗಾಡಿ ತೆಗೀತಿರ್ಲಿಲ್ಲ. ಮಗ್ಳೂ ಅದೇ ಅಚ್ಚು!”

ಅಂಗಡಿಯೆಲ್ಲ ನಕ್ಕಿತು. “ಭಲೇ ಸರ್ಟಿಫಿಕೇಟ್ ಕೊಟ್ಬುಟ್ಟೆ ಕಣಣ್ಣ” ಎಂದ ಅಂಗಡಿಯ ಬೈರೇಶ. ಮೇಡಂ ಮಾತ್ರ ನಗಲಿಲ್ಲ, “ಬರೆದುಕೊಂಡೆ ಸರ್” ಎಂದರು. ನಾಲ್ಕನೇ ದಿನ ಶಿವಲಕ್ಷ್ಮಿಗೆ ನಿಮ್ಮ ವಿಷಾದ ತಲುಪಿತು.

ಅವಳಪ್ಪ ನರಸಯ್ಯ ಎಂಥ ಹಠಮಾರಿ ಎಂಬುದನ್ನು ಈಗ ಪೂರ್ತಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಸಾವನದುರ್ಗದ ಗುಡಿಯಲ್ಲೊಂದು ಮದುವೆ. ಮಾಗಡಿಯಿಂದ ಗಂಡಿನ ಕಡೆಯವರ ದಿಬ್ಬಣ ನನ್ನ ಬಸ್ಸಿನಲ್ಲಿ. ಬೆಳಿಗ್ಗೆ ಏಳು ಗಂಟೆಗೆ ಜನ ಹತ್ತಿ ಕೂತಿದ್ದರು. ನರಸಯ್ಯ ಬಸ್ಸನ್ನು ಹತ್ತು ಮಾರು ಮುಂದೆ ತೆಗೆದುಕೊಂಡು ಹೋಗಿ ನಿಲ್ಲಿಸಿದ. ಇಳಿದು ಬಂದು ಕೀ ನನ್ನ ಕೈಗಿಟ್ಟ.

“ಬ್ರೇಕು ಸರಿಯಾಗಿ ಹಿಡೀತಿಲ್ಲ ಸಾವ್ಕಾರ್ರೇ. ನಾನ್ ತಕೊಂಡೋಗಲ್ಲ.”

“ಲೇ, ಅರವತ್ತು ಜನ ಕೂತವ್ರೆ ಕಣ್ಲಾ!”

“ಅದುಕ್ಕೇಯಾ.”

ಕಿಟಕಿಯಿಂದ ಮದುವೆಯ ಹೆಂಗಸೊಬ್ಬರು ತಲೆ ಹೊರಹಾಕಿ, “ಮುಹೂರ್ತ ಮೀರೋಯ್ತಾ ಐತೆ. ಬಸ್ಸು ನಿಂದೋ ಆವಯ್ಯಂದೋ ಮೊದ್ಲು ಯೋಳಪ್ಪಾ!” ಎಂದರು. ನನ್ನ ಕಿವಿ ಕಾದುಹೋದವು. ಮಹೇಂದ್ರ ಎಂಬ ಇನ್ನೊಬ್ಬ ಚಾಲಕನನ್ನು ಕರೆದೆ. ಅವನು “ಆಯ್ತಣ್ಣ” ಎನ್ನುವುದರಲ್ಲಿ ನಿಪುಣ. ಬಸ್ಸು ಹೋಯಿತು, ಬಂತು. ಏನೂ ಆಗಲಿಲ್ಲ. ಏನೂ ಆಗದೇ ಹೋದದ್ದೇ ಅಂದಿನ ಅನಾಹುತ, ಮಾನ್ಯರೇ. ಸಂಜೆ ನರಸಯ್ಯನಿಗೆ, “ನೋಡ್ದಾ? ಹೋಗಿ ಬಂತು. ನಾಳೆಯಿಂದ ನೀನ್ ಬರ್ಬೇಡ” ಎಂದೆ. ಮಾರನೇ ದಿನ ಮೆಕ್ಯಾನಿಕ್ ಶಾರುಖ್ ಚಕ್ರ ಬಿಚ್ಚಿ, ಸವೆದು ಹಪ್ಪಳದಂತಾಗಿದ್ದ ಬ್ರೇಕಿನ ಲೈನರನ್ನು ನನ್ನ ಮುಖದ ಮುಂದೆ ಹಿಡಿದ. “ನರಸಣ್ಣಂಗೆ ಫೋನ್ ಮಾಡ್ಲಾ ಅಣ್ಣಾ?” ಎಂದ. “ನಿನ್ ಕೆಲ್ಸ ನೋಡ್ಲಾ” ಎಂದೆ. ಅಂದು ಮಾಡದ ಫೋನನ್ನು ಇವತ್ತಿನವರೆಗೂ ಮಾಡಲಿಲ್ಲ.

ನರಸಯ್ಯ ಕುರಿ ಸಾಕಿ ಮಗಳನ್ನು ಓದಿಸಿದ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅವಳು ವಿಮಾನ ಹಾರಿಸುವುದನ್ನು ಕಲಿತಳು. ಅರ್ಜಿಗೆ ಕುಟುಂಬವನ್ನು ಬಲ್ಲ ಗೌರವಸ್ಥರ ಹೆಸರು ಬೇಕೆಂದಾಗ, “ಸಾವ್ಕಾರ್ರ ಹೆಸ್ರು ಬರಿಯವ್ವ, ಇದ್ದುದ್ ಇದ್ದಂಗೆ ಯೋಳ್ತಾರೆ” ಎಂದನಂತೆ. ಕೆಲಸದಿಂದ ತೆಗೆದವನ ಮೇಲೆ ಇಂಥ ನಂಬಿಕೆ! ವಿಷಯ ತಿಳಿದು ತಿಪ್ಪಸಂದ್ರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಅವನು ಮಜ್ಜಿಗೆ ಕೊಟ್ಟು, “ಬುಡಿ ಸಾವ್ಕಾರ್ರೇ, ಸುಳ್ಳೇನ್ ಯೋಳಿಲ್ವಲ್ಲ” ಎಂದ. ಮಗಳು ಮಾತ್ರ ನನ್ನನ್ನೇ ನೋಡುತ್ತಾ, “ಅಪ್ಪ ಬುಟ್ಬುಟ್ರು ಅಂಕಲ್. ನಾನ್ ಬಿಡಲ್ಲ. ನೀವೇ ಅವ್ರಿಗೆ ಬರೀರಿ” ಎಂದಳು.

ಬರೆಯುವ ಮೊದಲು, ನಿಮ್ಮ ಸಂದರ್ಶನದಲ್ಲಿ ಏನಾಯಿತೆಂದು ಅವಳನ್ನು ಕೇಳಿದೆ. ತರಬೇತಿಯಲ್ಲಿದ್ದಾಗ ಒಂದು ದಿನ ಎಂಜಿನ್ ಒಂದೇ ಸಮ ಓಡುತ್ತಿಲ್ಲವೆಂದು ಅವಳು ಹಾರದೆ ವಿಮಾನವನ್ನು ವಾಪಸು ತಂದಿದ್ದಳು. ಅಲ್ಲಿನ ಗುರುಗಳು ‘ಆತ್ಮವಿಶ್ವಾಸ ಸಾಲದು’ ಎಂದು ಬರೆದಿದ್ದರು. ನಿಮ್ಮವರು ಅದನ್ನೇ ಎತ್ತಿ, “ಕ್ಯಾಪ್ಟನ್ ಹೊರಡೋಣ ಅಂದ್ರೆ?” ಎಂದರಂತೆ. “ಬೇಡ ಸರ್ ಅಂತೀನಿ.” “ಆದ್ರೂ ಹೊರಟ್ರೆ?” “ಇನ್ನೂ ಜೋರಾಗಿ ಬೇಡ ಅಂತೀನಿ.” ಇದಕ್ಕೆ ನೀವು ಎಷ್ಟು ಅಂಕ ಕೊಟ್ಟಿರಿ? ನಿಮ್ಮ ಪಟ್ಟಿಯಲ್ಲಿ ಹಾರಿದ ಗಂಟೆಗಳಿಗೆ ಒಂದು ಕಾಲಂ ಇದೆ. ಇಂಗ್ಲಿಷಿಗೆ, ನಿಲುವಿಗೆ, ನಗುಮುಖಕ್ಕೂ ಇರಬಹುದು. ಹಾರಬಾರದ ಹೊತ್ತಿನಲ್ಲಿ ಹಾರದೆ ಉಳಿದ ಗಂಟೆಗೆ ಕಾಲಂ ಎಲ್ಲಿದೆ? ಬಸ್ಸು ಕೆಟ್ಟರೆ ನಾನು ಹುಣಸೆಮರದ ಕೆಳಗೆ ನಿಲ್ಲಿಸಿ ಜನರ ಬೈಗುಳ ತಿನ್ನುತ್ತೇನೆ. ನಿಮ್ಮದನ್ನು ಯಾವ ಮರದ ಕೆಳಗೆ ನಿಲ್ಲಿಸುತ್ತೀರಿ? ಹೇಳಿದ ಮಾತು ಕೇಳುವವರೇ ಬೇಕಿದ್ದರೆ ನನ್ನ ಮಹೇಂದ್ರನನ್ನು ಕಳಿಸುತ್ತೇನೆ, ಧಾರಾಳವಾಗಿ ಇಟ್ಟುಕೊಳ್ಳಿ. ವಿಮಾನವನ್ನೂ “ಆಯ್ತಣ್ಣ” ಎಂದೇ ಎತ್ತುತ್ತಾನೆ.

ತಿಪ್ಪಸಂದ್ರದಲ್ಲೂ ಬಾಯಿಬಿಡದ ಒಂದು ಸಂಗತಿ ಉಳಿದಿದೆ. ಅದಿಲ್ಲದೆ ಈ ಪತ್ರವೂ ಇನ್ನೊಂದು ಬಾಯಿಮಾತೇ. ಅಂದಿನ ಮದುವೆಗೆ ನನಗೂ ಕರೆಯಿತ್ತು. ಚಾಲಕನ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಜಾಗ ಹಿಡಿದಿದ್ದೆ. ಮಹೇಂದ್ರ ಎಂಜಿನ್ ಶುರು ಮಾಡಿದ ಮೇಲೆ ಮೆಲ್ಲಗೆ ಟವೆಲ್ ಎಳೆದುಕೊಂಡೆ. “ನೀವು ನಡೀರಿ, ನಂಗೆ ಒಸಿ ಕೆಲ್ಸ ಐತೆ” ಎಂದು ಸುಳ್ಳು ಹೇಳಿ, ಸ್ನೇಹಿತನ ಕಾರಿನಲ್ಲಿ ಹೋದೆ. ನರಸಯ್ಯ ಹೇಳಿದ್ದು ನಿಜವೆಂದು ಅಲ್ಲಿ ಪೂರ್ತಿ ನಂಬಿದ್ದವನು ನಾನೊಬ್ಬನೇ. ನಂಬಿಯೂ ಅವನನ್ನು ಮನೆಗೆ ಕಳಿಸಿದೆ. ಅವಮಾನ ಅವನಿಗಾಯಿತೆಂದು ಹನ್ನೊಂದು ವರ್ಷ ಅಂದುಕೊಂಡಿದ್ದೆನಲ್ಲ, ಎಂಥ ಲೆಕ್ಕ!

ನನ್ನ ಒತ್ತಾಯ ಇಷ್ಟೇ. ಶಿವಲಕ್ಷ್ಮಿಯ ಕಡತ ತೆರೆಯಿರಿ. ನಾನು ಟೀ ಅಂಗಡಿಯಲ್ಲಿ ಆಡಿದ ಮಾತಿನ ಒಂದಕ್ಷರವನ್ನೂ ಅಳಿಸಬೇಡಿ. ದೋಷದ ಕಡೆಯಿಂದ ಎತ್ತಿ ಗುಣದ ಕಡೆ ಬರೆದುಕೊಳ್ಳಿ, ಅವಳನ್ನು ಮತ್ತೆ ಕರೆಸಿ. ಮುಂದೆ ಪೈಲಟ್ ಆರಿಸುವಾಗ, ಯಾರ ಮಾತು ಕೇಳಿದರೆ ನೀವೇ ಸದ್ದಿಲ್ಲದೆ ಸೀಟು ಬಿಟ್ಟು ಇಳಿಯುತ್ತೀರೋ, ಅಂಥವರನ್ನೇ ಮುಂದಿನ ಸೀಟಿನಲ್ಲಿ ಕೂರಿಸಿ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ,
ಮಾಗಡಿಯ ಒಬ್ಬ ಬಸ್ ಮಾಲೀಕ