ಎಸಿಪಿ ಗೋಡೆಯಾಚೆ ಕೇಳಿಸಿದ್ದು

ಅಣ್ಣ,

ಮತ್ತೆ ಅದೇ ಕೆಟ್ಟ ಕನಸು. ಚೆನ್ನೈನ ನುಂಗಂಬಾಕ್ಕಂ ಕ್ಲಿನಿಕ್ಕಿನ ಗೋಡೆಗೆ ಒಂದರ ಮೇಲೊಂದು ಶೀಟು ಹೊಡೆಯುತ್ತಲೇ ಇದ್ದೇನೆ. ಒಳಗಿನ ಡಾಕ್ಟರ ದನಿ ಮಾತ್ರ ಸಣ್ಣದಾಗುವುದೇ ಇಲ್ಲ. ಅರ್ಧಕ್ಕೇ ಶಾಲೆ ಬಿಟ್ಟವನ ಬರಹವಿದು, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಆ ಕೆಲಸ ಒಪ್ಪಿಕೊಂಡ ದಿನ ನೆನಪಿದೆಯೇ? ಕಟ್ಟಡದ ಹೊರಮೈಗೆ ಎಸಿಪಿ ಶೀಟು ಹಾಕಿ ಮುಗಿಸಿದ್ದೆವು. ಅದರ ಅಲ್ಯೂಮಿನಿಯಂ ಹೊಳಪು ಕಂಡ ಡಾಕ್ಟರು, ತಮ್ಮ ಕೋಣೆಯ ಅಡ್ಡಗೋಡೆಗೂ ಅದನ್ನೇ ಹಾಕಿ ಎಂದರು. ನೀನು ಹೂಂ ಎಂದುಬಿಟ್ಟೆ.

"ಅಣ್ಣ, ಇದು ತೆಳು, ನಡುವೆ ಬರೀ ಟೊಳ್ಳು. ಮಾತೆಲ್ಲ ಆಚೆ ಬರ್ತದೆ. ಜಿಪ್ಸಂ ಬೋರ್ಡು ಎರಡೆರಡು ಪದರ ಹಾಕಿ, ಒಳಗೆ ಸದ್ದು ಹೀರೋ ಗ್ಲಾಸ್‌ವೂಲ್ ತುಂಬಾಣ" ಎಂದೆ.

"ಸುಣ್ಣದ ಹಪ್ಪಳ ಕಣೋ ಅದು! ಡಾಕ್ಟರ್ ಮಾತು ಕೇಳೋಕೆ ಯಾವನಿಗ್ಲಾ ಪುರುಸೊತ್ತು? ನಿಂಗೆ ಎಲ್ಲಕ್ಕೂ ದಿಗಿಲು." ಶೀಟನ್ನು ಡಬಡಬ ಬಡಿದು ನೀನು ನಕ್ಕೆ.

ಗಂಟಲು ನೋವೆಂದು ನೀನೇ ಆ ಕೋಣೆಗೆ ಹೋದಾಗ, ಹೊರಗಿನ ಬೆಂಚಿನಲ್ಲಿ ನಾನೂ ಅತ್ತಿಗೆಯೂ ಕೂತಿದ್ದೆವು. "ಕ್ಯಾನ್ಸರ್‌ದಾಂಗ. ವೀಟ್ಲ ಸೊಲ್ಲಿಡುಂಗ." ಕ್ಯಾನ್ಸರೇ, ಮನೆಯಲ್ಲಿ ಹೇಳಿಬಿಡಿ ಎಂದ ಡಾಕ್ಟರ ದನಿ ಗೋಡೆ ದಾಟಿ ಬಂತು. "ವೇಂಡಾಂ ಸಾರ್, ತಂಬಿ ಭಯಂದುಡುವಾನ್." ಬೇಡ, ತಮ್ಮ ಹೆದರಿಬಿಡ್ತಾನೆ ಎಂದೆ ನೀನು. ಟೋಕನ್ ಹಿಡಿದು ಕೂತವರೆಲ್ಲ ನಮ್ಮನ್ನೇ ನೋಡಿದರು. ಯಾರೋ ಹೆಂಗಸು ಅತ್ತಿಗೆಯ ಕೈ ಹಿಡಿದುಕೊಂಡರು. ಗೋಡೆಯ ವಾದದಲ್ಲಿ ಗೆದ್ದವನು ನಾನೇ. ಇಂಥ ಗೆಲುವು ಯಾರಿಗೆ ಬೇಕಿತ್ತು?

ನಗುತ್ತಾ ಬಂದೆಯಲ್ಲ ಆಚೆಗೆ! "ಗ್ಯಾಸಂತೆ ಕಣೋ. ನಡೀರಿ, ಕಾಫಿ ಕುಡಿಯಾಣ." ಆಮೇಲೆ ನೀನೂ ನಟಿಸಿದೆ, ನಾವೂ ನಟಿಸಿದೆವು. ಗ್ಯಾಸಿಗೆಂದು ಅತ್ತಿಗೆ ಜೀರಿಗೆ ಕಷಾಯ ಕಾಸಿ ಕೊಡುವುದು, ಉಗುಳು ನುಂಗಲಾಗದ ಗಂಟಲಿನಲ್ಲಿ ನೀನು ಅದನ್ನು ಕುಡಿಯುವುದು. ಒಂದು ಸಲ, ಒಂದೇ ಸಲ, ನಂಗೂ ಹೆದರಿಕೆ ಕಣೋ ಅಂದಿದ್ದರೆ... ಹೆದರಿಕೆಯಲ್ಲಿ ನನಗಿಂತ ಪಳಗಿದವನು ನಿನಗೆ ಇನ್ಯಾರಿದ್ದರು?

ನೀನು ಹೋದ ಮೇಲಿನ, ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಆ ಗೋಡೆಯನ್ನು ಕಿತ್ತು ಹಾಕಿದೆ. ಈಗ ಅಲ್ಲಿರುವುದು ನಿನ್ನ ಸುಣ್ಣದ ಹಪ್ಪಳ, ಎರಡೂ ಕಡೆ ಎರಡೆರಡು ಪದರ, ನಡುವೆ ಗ್ಲಾಸ್‌ವೂಲ್. ಪರೀಕ್ಷೆಗೆಂದು ಅತ್ತಿಗೆಯನ್ನು ಒಳಗೆ ಕೂರಿಸಿ, ಏನಾದರೂ ಮಾತಾಡಿ ಎಂದೆ. ಹೊರಗೆ ಕಿವಿಯಿಟ್ಟು ನಿಂತ ನನಗೆ ಒಂದಕ್ಷರವೂ ಕೇಳಲಿಲ್ಲ. ತುಂಬ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಬಂದರು. ಏನು ಹೇಳಿದಿರಿ ಎಂದರೆ, "ನಿಮ್ಮಣ್ಣಂಗೆ ಹೇಳ್ಬೇಕಾಗಿದ್ದು. ನಿಮಗ್ಯಾಕೆ?" ಎಂದರು.

ಆದರೂ ದಿಗಿಲು ಹೋಗಿಲ್ಲ. ಬೋರ್ಡನ್ನು ಫಾಲ್ಸ್ ಸೀಲಿಂಗಿಗೇ ನಿಲ್ಲಿಸದೆ ಮೇಲಿನ ಕಾಂಕ್ರೀಟಿನವರೆಗೂ ಒಯ್ದಿದ್ದೇನೆ. ಆ ತುದಿಯ ಸಂದು ಪೂರ್ತಿ ಮುಚ್ಚಿದೆಯೋ ಇಲ್ಲವೋ, ಮೇಲಿರುವ ನೀನೇ ಒಂದು ಸಲ ನೋಡಣ್ಣ. ಹೊರಗಿನ ಬೆಂಚಿನಲ್ಲಿ ಇನ್ಯಾರದೋ ತಮ್ಮ ಕೂತಿರುತ್ತಾನೆ.